ಮುಚ್ಚಿದ ಚೌಕಳಿ

ಅಡ್ಡಮಳೆ, ಮಳೆ ಅಂತ ಕರೆಯಲೂ ಮನಸ್ಸು ಬಾರದಂಥದ್ದು, ಓರೆಯಾಗಿ ಬಂದು ಗಾಜಿಗೆ ತಾಗಿ ಸದ್ದಿಲ್ಲದೆ ಜಾರಿಹೋಗುತ್ತದೆ, ಅದರ ಹಿಂದೆ ಟ್ರಾಮಿನ ತಂತಿ, ತಂತಿಯ ಮೇಲೆ ಮೈ ಮುದುಡಿಕೊಂಡ ಒಂದು ಪಾರಿವಾಳ — ಮೆಲ್ಬರ್ನಿನ ಜುಲೈ ತಿಂಗಳ ಬೆಳಗು, ಆಕಾಶಕ್ಕೇ ನೆಗಡಿಯಾದ ಹಾಗಿದೆ ಅಂದುಕೊಂಡಳು ಒಟಿಲಿಯಾ, ಕೈಯಲ್ಲಿ ಕಪ್ಪು ಅಂಟುಪಟ್ಟಿಯ ಸುರುಳಿ, ಹಲ್ಲಿನಿಂದ ಕಡಿದ ತುಂಡೊಂದು ಕೆಳತುಟಿಗೆ ಅಂಟಿಕೊಂಡೇ ಇದೆ, ದೇಶದ ಇನ್ನೊಂದು ತುದಿಯ ತಮ್ಮ ಊರಲ್ಲಾದರೆ ಈಗ ಒಣಗಾಳಿಯ ಕಾಲ, ಬೆಳಗಿನ ಚಳಿಗೆ ಬೆಂಕಿ ಹಾಕಿ ಚಹಾ ಕಾಯಿಸುವ ಹೊತ್ತು, ಸಮುದ್ರ ಹಿಂದೆ ಸರಿದು ಕೆಂಪು ದಂಡೆಯ ಕೆಳಗೆ ಬಿಳಿ ಮರಳು ಬಿಟ್ಟು ಹೋಗಿರುತ್ತದೆ, ದೊಡ್ಡಮ್ಮ ಇದ್ದಿದ್ದರೆ — ಬೇಡ, ಅಲ್ಲಿಗೆ ಹೋಗಬೇಡ ಮನಸೇ, ಪಟ್ಟಿ ಹಚ್ಚು, ಮೇಳದ ಮಳಿಗೆ ತೆರೆಯುವ ಮೊದಲು ಈ ಬ್ಯಾನರು ಮುಗಿಯಬೇಕು. ಆಳೆತ್ತರದ ಬ್ಯಾನರು, ಅದರ ನಡುವೆ ತಲೆದಿಂಬಿನಷ್ಟು ದೊಡ್ಡ ಕ್ಯೂಆರ್ ಕೋಡು, ಕಪ್ಪು ಬಿಳಿ ಚೌಕಳಿ, ಊರಿನ ಹೆಂಗಸರಿಗೆಲ್ಲ ಅದು ಬರೀ ಚೌಕಳಿ, ಯಾರೋ ಕುಡಿದು ನೇಯ್ದ ಚಾಪೆಯ ಹಾಗಿದೆ ಅಂತ ನಕ್ಕಿದ್ದರು ಮೊದಲ ಸಲ ನೋಡಿದಾಗ, ಆಮೇಲೆ ಅದಕ್ಕೆ ಫೋನು ಹಿಡಿದರೆ ದೊಡ್ಡಮ್ಮ ಬರುತ್ತಾಳೆ ಅಂತ ಗೊತ್ತಾದ ಮೇಲೆ ನಗು ನಿಂತಿತ್ತು. ಬರುತ್ತಿದ್ದಳು. ಮರದ ಕೆಳಗೆ ಬಕೆಟ್ಟು ಮಡಿಲಲ್ಲಿಟ್ಟುಕೊಂಡು, ಬಾಯಿ ತೆರೆದು, ಮಾತು ಇನ್ನೂ ಹೊರಡದೆ — ಆ ಚಿತ್ರ ಮೊದಲು, ಅದನ್ನು ಒತ್ತಿದರೆ ಮಾತು, ನಗು, ಕಾಡುಹಣ್ಣಿನ ಕಥೆ, ಯಾವ ಮರದ್ದು ಯಾರು ಕೊಯ್ದದ್ದು ಎಲ್ಲ. ಈಗ ಒತ್ತಬಾರದು. ಈಗ ಅವಳು ತೀರಿಕೊಂಡಿದ್ದಾಳೆ, ಮಣ್ಣು ಇನ್ನೂ ಆರಿಲ್ಲ.

ತಮ್ಮ ಮೂಲನಿವಾಸಿ ಜನರಲ್ಲಿ ಅಮ್ಮನ ಅಕ್ಕ ಅಂದರೆ ಅಮ್ಮನೇ, ಅದರಲ್ಲಿ ದೊಡ್ಡದು ಚಿಕ್ಕದು ಇಲ್ಲ, ಹಾಲು ಕುಡಿಸಿದವಳು ಒಬ್ಬಳು, ಬೈದು ಬೆಳೆಸಿದವಳು ಇನ್ನೊಬ್ಬಳು, ಸತ್ತ ದಿನವೇ ಹೆಸರನ್ನು ಮಲಗಿಸಿದರು, ಇನ್ನು ಯಾರ ಬಾಯಲ್ಲೂ ಅದು ಬರಬಾರದು, ಅದೇ ಹೆಸರಿನ ಮೊಮ್ಮಗಳನ್ನು ಈಗ ಎಲ್ಲರೂ ಹೇಯ್ ಹುಡುಗಿ ಅಂತಲೇ ಕರೆಯುತ್ತಾರೆ, ಮನೆಗೆ ಎಲೆ ಸುಟ್ಟು ಹೊಗೆ ಹಾಕಿ ಬಾಗಿಲು ಮುಚ್ಚಿದರು, ಗೋಡೆಯ ಮೇಲಿನ ಫೋಟೋ ಗೋಡೆಯ ಕಡೆಗೆ ತಿರುಗಿತು, ಇಗರ್ಜಿಯ ಹಳೇ ಫೋಟೋದಲ್ಲಿ ಅವಳು ನಿಂತ ಜಾಗಕ್ಕೆ ಕ್ಲೀಟಸ್ ಮಾವನೇ, ಅವಳ ತಮ್ಮ, ತನ್ನ ಕರವಸ್ತ್ರ ಸಿಕ್ಕಿಸಿದ — ಮುಖ ಕಾಣಬಾರದು, ದನಿ ಕೇಳಬಾರದು, ಕಂಡರೆ ಅವಳಿಗೆ ಹೋಗಲು ಕಾಲು ಬರುವುದಿಲ್ಲ, ಅರ್ಧ ದಾರಿಯಲ್ಲೇ ತಿರುಗಿ ನೋಡುತ್ತ ನಿಂತುಬಿಡುತ್ತಾಳೆ. ಆಮೇಲೆ ಕೊಟ್ಟಿಗೆಯಲ್ಲಿ ಪೇರಿಸಿಟ್ಟ ಹಣ್ಣಿನ ಪುಡಿಯ ಪೆಟ್ಟಿಗೆಗಳು, ಒಂದೊಂದರ ಮೇಲೂ ಆ ಚೌಕಳಿ, ಹೆಂಗಸರೆಲ್ಲ ಸುತ್ತ ನಿಂತು ಯೋಚಿಸಿದ್ದು, ಇದು ಮುಖ ಅಲ್ಲವಲ್ಲ ಅಂದಳು ಒಬ್ಬಳು, ಬರೀ ಚುಕ್ಕಿ. ಮುಖ ಅಲ್ಲದಿದ್ರೂ ಮುಖದ ಬಾಗಿಲು ಕಣೇ, ಸತ್ತ ಮನೇಲಿ ಬಾಗಿಲು ತೆರೆದಿಟ್ಟು ಮಲಗ್ತಾರಾ, ಅಂದ ಕ್ಲೀಟಸ್ ಮಾವ, ಅಷ್ಟೇ, ಮಾತು ಮುಗಿಯಿತು. ಅಂಟಿಸಲು ಏನೂ ಸಿಗದೆ ಭಾನುವಾರದ ಪಾಠಶಾಲೆಯ ಡಬ್ಬಿಯಿಂದ ಸಂತರ ಚೀಟಿಗಳನ್ನು ತಂದು ಒಂದೊಂದಕ್ಕೂ ಹಚ್ಚಿದರು, ಗುಲಾಬಿ ಹಿಡಿದ ಸಂತ ತೆರೇಸಾ, ಬಡಗಿ ಜೋಸೆಫ್, ಅವು ಮುಗಿದಾಗ ಒಂದಿಷ್ಟು ಪೆಟ್ಟಿಗೆಗೆ ಪ್ರವಾದಿ ಯೋನನ ತಿಮಿಂಗಿಲ. ಅತ್ತು ಅತ್ತು ಊದಿದ ಕಣ್ಣಲ್ಲೇ ಯಾರೋ ಕೇಳಿದರು, ಜೋಸೆಫಪ್ಪನಿಗೆ ಫೋನು ಹಿಡಿದರೆ ಏನು ಬರುತ್ತೆ? ಮಂಚ ಬರುತ್ತೆ, ಅಂದಿದ್ದಳು ಒಟಿಲಿಯಾ, ಎಲ್ಲರೂ ನಕ್ಕು ಮತ್ತೆ ಅತ್ತರು.

ನಗುವಷ್ಟು ಸುಲಭ ಅಲ್ಲ ಅಂತ ಆಗಲೇ ಗೊತ್ತಿತ್ತು, ಈ ಮೇಳಕ್ಕೆ ಬರುವವರು ಯಾರೂ ಒಂದು ಹಣ್ಣು ಕೊಂಡು ಬಾಯಿಗೆ ಹಾಕಿಕೊಳ್ಳುವವರಲ್ಲ, ಕಾರ್ಖಾನೆಯವರು, ಪಾನೀಯ ಮಾಡುವವರು, ಗುಳಿಗೆ ಮಾಡುವವರು, ಲಾರಿಗಟ್ಟಲೆ ಕೊಳ್ಳುವವರು, ಅವರಿಗೆ ಚೌಕಳಿ ಬೇಕು, ಚೌಕಳಿಯೊಳಗೆ ಕಾಡು ಬೇಕು, ಕಾಡಿನೊಳಗೆ ಒಬ್ಬಳು ಅಜ್ಜಿ ಬೇಕು, ಆಗ ನಂಬಿಕೆ ಬರುತ್ತದಂತೆ — ಹಾಗೆ ಹೇಳಿದವನು ಕ್ಯಾಲಮ್ ಪ್ರೀವೆಟ್, ತಮ್ಮ ಹಣ್ಣನ್ನು ಮಾರಿಸಿಕೊಡುವ ಸಗಟು ಕಂಪನಿಯವನು, ಉದ್ದ ಕಾಲಿನ ಬಿಳಿಯ. ಚೌಕಳಿಗೆ ಫೋನು ಹಿಡಿದರೆ ತೆರೆಯುವ ಆ ಪುಟ ಇರುವುದು ಅವನ ಕಂಪನಿಯ ಹೆಸರಿನಲ್ಲಿ, ಬೀಗದ ಕೈ ಅವನ ಹತ್ತಿರ, ಸಾವಿನ ಸುದ್ದಿ ಹೇಳಿ ಅದನ್ನು ಮುಚ್ಚು ಅಂದಾಗ ಫೋನಿನಲ್ಲಿ ಮೆತ್ತಗೆ ಅಂದಿದ್ದ, ತುಂಬಾ ಬೇಜಾರಾಯ್ತು ಆಂಟಿ, ಮುಚ್ಚೋದು ಎರಡು ನಿಮಿಷದ ಕೆಲಸ, ಮೇಳ ಮುಗೀಲಿ, ಖಂಡಿತ ಮುಚ್ತೀನಿ. ಆಂಟಿ ಅಂತೆ. ನಮ್ಮ ಹಿರಿಯ ಹೆಂಗಸರನ್ನು ಹಾಗೆ ಕರೆಯಬೇಕು ಅಂತ ಕಂಪನಿಯವರು ಅವನಿಗೆ ಒಂದು ಮಧ್ಯಾಹ್ನ ಕೂರಿಸಿ ಕಲಿಸಿದ್ದು, ಊಟದ ಜೊತೆಗೆ. ಎರಡು ನಿಮಿಷದ ಕೆಲಸವನ್ನು ಮೂರು ವಾರದಿಂದ ಮಾಡದವನಿಗೆ ಯಾವ ಆಂಟಿ, ಎಲ್ಲಿಯ ಆಂಟಿ. ಮತ್ತು ಈ ಸಲ ಪಾನೀಯ ಕಂಪನಿಯ ಶ್ರೀಮತಿ ಯೂನ್ ಬರುತ್ತಾಳೆ, ಈ ವರ್ಷದ ಅಷ್ಟೂ ಹಣ್ಣನ್ನು ಅವಳೊಬ್ಬಳೇ ಕೊಳ್ಳಬಹುದು, ಕೊಳ್ಳದಿದ್ದರೆ ಬ್ರೂಮ್ ಪೇಟೆಯ ಶೀತಲಗೃಹದಲ್ಲಿ ಹಣ್ಣು ಕಲ್ಲಾಗಿ ಕೂರುತ್ತದೆ, ಮುಂದಿನ ಮಳೆಗಾಲಕ್ಕೆ ಯಾವ ಹೆಂಗಸೂ ಬಕೆಟ್ಟು ಹಿಡಿದು ಕಾಡಿಗೆ ಇಳಿಯುವುದಿಲ್ಲ, ಪೇಟೆಗೆ ಹೋಗಿ ಹೋಟೆಲಿನ ಹಾಸಿಗೆ ಬಡಿಯುತ್ತಾರೆ. ಇದೆಲ್ಲ ಗೊತ್ತಿದ್ದೇ ಪಟ್ಟಿ ಹಚ್ಚುತ್ತಿದ್ದೇನೆ, ದೇವಮಾತೆಯೇ, ಗೊತ್ತಿಲ್ಲದೆ ಅಲ್ಲ, ಅಂದುಕೊಂಡು ಕೊನೆಯ ತುಂಡನ್ನು ಉಜ್ಜಿ ಉಜ್ಜಿ ಕೂರಿಸಿದಳು, ಬ್ಯಾನರಿನ ನಡುವೆ ಈಗ ಒಂದು ಕಪ್ಪು ಚೌಕ, ಅದರ ಹಿಂದೆ ಆ ಬಾಯಿ, ತೆರೆದದ್ದು, ಕತ್ತಲಲ್ಲಿ, ಇರಲಿ, ವಿಶ್ರಮಿಸಲಿ.

ಏನ್ ಮಾಡ್ತಿದೀರಿ ಆಂಟಿ — ಬಂದೇಬಿಟ್ಟ, ಕೈಯಲ್ಲಿ ಎರಡು ಕಾಫಿ, ಕೋಟಿನ ಭುಜದ ಮೇಲೆ ಮಳೆ, ಕಣ್ಣು ಬ್ಯಾನರಿನ ಮೇಲೆ. ಕಾಣ್ತಿಲ್ವಾ, ಮುಚ್ತಿದೀನಿ. ಇದು ಮಳಿಗೆ ಆಂಟಿ, ಇದನ್ನ ಮುಚ್ಚಿದ್ರೆ ಇಲ್ಲಿ ಏನಿದೆ, ಒಂದು ಮೇಜು, ಎರಡು ಕುರ್ಚಿ, ಸಂತ ಜೋಸೆಫ್. ನಾನಿಲ್ವಾ ಮಾರಾಯಾ? ನೀವಿದೀರಿ, ಆದ್ರೆ ಜನ ಅವರನ್ನ ನೋಡೋಕೆ ಬರ್ತಾರೆ, ನೂರು ಜನ ಚೌಕಳಿ ತೆರೆದ್ರೆ ಎಂಬತ್ತು ಜನ ಕೊನೇವರೆಗೆ ನೋಡ್ತಾರೆ, ಹಾಗೆ ಎಲ್ಲೂ ಆಗಲ್ಲ, ಮೂರು ದಿನ, ಮೂರೇ ದಿನ ತಡ್ಕೊಳ್ಳಿ ಅಂತ ಕೇಳ್ತಿದೀನಿ — ಎಂಬತ್ತು ಜನವಂತೆ, ಅವಳ ಸಾವಿಗೆ ನಾನೂರು ಜನ ಬಂದಿದ್ದರು, ಗಂಟೆಗಟ್ಟಲೆ ಮಣ್ಣು ರಸ್ತೆಯಲ್ಲಿ, ಒಬ್ಬರೂ ಫೋನು ಎತ್ತಲಿಲ್ಲ. ಒಟಿಲಿಯಾ ಕಾಫಿ ತೆಗೆದುಕೊಂಡಳು, ಚಳಿಗೆ ಜಗಳ ಗೊತ್ತಿಲ್ಲವಲ್ಲ, ಒಂದು ಗುಟುಕು ಕುಡಿದು ಕೇಳಿದಳು, ನಿಮ್ಮೂರಲ್ಲಿ ಇಗರ್ಜಿಗೆ ಹೋಗ್ತಿದ್ಯಾ ಚಿಕ್ಕವನಿದ್ದಾಗ? ಹೋಗ್ತಿದ್ದೆ. ಈಸ್ಟರಿಗೆ ಮೊದಲು ಎರಡು ವಾರ ಸಂತರಿಗೆಲ್ಲ ನೇರಳೆ ಬಟ್ಟೆ ಹೊದಿಸ್ತಿದ್ರಾ, ಶಿಲುಬೆಗೂ? ಹೌದು, ಅದಕ್ಕೂ ಇದಕ್ಕೂ — ಆಗ ಯಾರಾದ್ರೂ ಬಂದು ಪಾದ್ರಿನ ಕೇಳಿದ್ರಾ, ಸ್ವಾಮಿ, ಯೇಸು ಕಾಣದಿದ್ರೆ ಜನ ಕಮ್ಮಿ ಆಗ್ತಾರೆ, ಹಬ್ಬ ಮುಗಿದ ಮೇಲೆ ಮುಚ್ಚೋಣ ಅಂತ? ಅವನ ಕಿವಿ ಕೆಂಪಗಾಯಿತು, ಕೆಟ್ಟವನಲ್ಲ, ಅದೇ ತೊಂದರೆ, ಕೆಟ್ಟವರಾದರೆ ಬೈದು ಕಳಿಸಬಹುದು, ಇವರು ಪ್ರೀತಿಯಿಂದ ತೆಗೆದುಕೊಂಡು ಹೋಗುತ್ತಾರೆ, ಮುತ್ತಜ್ಜಿಯ ಮುಖವನ್ನು ಯಾವನೋ ಹೀಗೇ ಪ್ರೀತಿಯಿಂದ ಫೋಟೋ ತೆಗೆದು ಪೆಟ್ಟಿಗೆಯಲ್ಲಿ ಹಾಕಿಕೊಂಡು ಹಡಗು ಹತ್ತಿದ್ದ, ಇಂದಿಗೂ ಯಾವ ದೇಶದ ಯಾವ ಗೋಡೆಯ ಮೇಲಿದೆಯೋ, ಮುಚ್ಚುವವರಿಲ್ಲದೆ. ಇದೊಂದನ್ನು ಬಿಡುವುದಿಲ್ಲ. ಹಣ್ಣು ಕೊಳೆಯಲಿ, ಇದೊಂದನ್ನು ಬಿಡುವುದಿಲ್ಲ. ಪಟ್ಟಿ ಕಿತ್ತರೆ ಮತ್ತೆ ಹಚ್ತೀನಿ ಕ್ಯಾಲಮ್, ಇನ್ನೂ ಎರಡು ಸುರುಳಿ ತಂದಿದೀನಿ, ಅಂದಳು, ಅವನು ಮೂಲೆಯಲ್ಲಿ ಲ್ಯಾಪ್‌ಟಾಪು ತೆರೆದು ಬೆನ್ನು ತಿರುಗಿಸಿ ಕೂತ, ಕಂಪನಿಗೆ ಏನೋ ಬರೆಯುತ್ತಿರಬೇಕು, ಬರೆಯಲಿ.

ಜನ ಬಂದರು, ನಿಂತರು, ಕಪ್ಪು ಚೌಕ ನೋಡಿ ಕೆಟ್ಟುಹೋಗಿದೆಯಾ ಅಂದರು, ಇಲ್ಲ, ಮನೆಯಲ್ಲಿ ಸಾವಾಗಿದೆ ಅಂದರೆ ಹುಬ್ಬು ಇಳಿಸಿ ಮುಂದೆ ಹೋದರು, ಎದುರಿನ ಜೇನಿನ ಮಳಿಗೆಯಲ್ಲಿ ಫೋನು ಹಿಡಿದವರ ಸಾಲು, ಇಲ್ಲಿ ಸಾಲಿಲ್ಲ, ಒಟಿಲಿಯಾಳ ಬೆರಳು ಜೇಬಿನೊಳಗೆ ಜಪಮಾಲೆಯ ಮಣಿ ಎಣಿಸದೆ ಸುಮ್ಮನೆ ಉರುಳಿಸುತ್ತಿದೆ, ನಮೋ ಮರಿಯಾ, ಈ ಹೊತ್ತಿನಲ್ಲಿಯೂ ನಮ್ಮ ಮರಣದ ಹೊತ್ತಿನಲ್ಲಿಯೂ — ಶ್ರೀಮತಿ ಯೂನ್ ಯಾವಾಗ ಬಂದು ನಿಂತಳೋ, ಗಿಡ್ಡ ಕೂದಲಿನ ಸಣ್ಣ ಹೆಂಗಸು, ಕಂಕುಳಲ್ಲಿ ಮೇಳದ ಕೈಪಿಡಿ, ನೇರ ಮೇಜಿನ ಮೇಲಿದ್ದ ಹಣ್ಣನ್ನೇ ಎತ್ತಿ ಮೂಸಿದಳು, ಹಸಿರು, ಹುಳಿ, ನೆಲ್ಲಿಕಾಯಿಯಷ್ಟು, ಹೀಗೇ ತಿನ್ಬಹುದಾ ಅಂದಳು. ತಿನ್ನಿ, ಕಣ್ಣು ಮುಚ್ಕೊಳ್ತವೆ, ಆಮೇಲೆ ತೆರ್ಕೊಳ್ತವೆ. ತಿಂದಳು, ಮುಚ್ಚಿಕೊಂಡವು, ತೆರೆದುಕೊಂಡವು, ನಕ್ಕಳು. ಯಾವ ಮರದ್ದು ಅಂತ ಹೇಗೆ ತಿಳ್ಕೊಳ್ಳೋದು, ಚೌಕಳಿಗೆ ಪಟ್ಟಿ ಹಚ್ಚಿದೀರಿ. ನನ್ನ ಕೇಳಿ, ನನಗೆ ಬಾಯಿದೆ, ಅಂದಳು ಒಟಿಲಿಯಾ, ಹೇಳಿದಳು, ಕೊಲ್ಲಿಯ ಹಿಂದಿನ ಮರಗಳು, ಮೊದಲ ಮಳೆಯಾದ ಮೇಲೆ ಹೂ, ಕೆಳಗೆ ಬಿದ್ದದ್ದನ್ನು ಆರಿಸುವುದಿಲ್ಲ, ಮೇಲಿನದ್ದು ಹಕ್ಕಿಗೆ, ಯೂನ್ ತಲೆದೂಗುತ್ತ ಕೇಳುತ್ತಿದ್ದಾಳೆ, ಆಗುತ್ತದೆ ಇದು, ಆಗುತ್ತದೆ, ಮೂಲೆಯಲ್ಲಿ ಕ್ಯಾಲಮ್ ಕೂಡ ತಿರುಗಿ ನೋಡುತ್ತಿದ್ದಾನೆ, ಮತ್ತು ಯೂನ್ ಕೇಳುತ್ತ ಕೇಳುತ್ತಲೇ ಕೈಪಿಡಿ ಬಿಡಿಸಿದಳು, ಇಲ್ಲೂ ಒಂದಿದೆಯಲ್ಲ ಅಂತ ಫೋನು ಹಿಡಿದಳು, ಕೈಪಿಡಿ, ಅಯ್ಯೋ ಕೈಪಿಡಿ, ಮೇಳದ ಪ್ರತಿಯೊಬ್ಬನ ಕೈಯಲ್ಲೂ ಇರುವ ಕೈಪಿಡಿ, ಅದರೊಳಗೂ ಬಾಗಿಲಿದೆ ಅಂತ ಊರಲ್ಲಿ ಯಾರಿಗೂ ಹೊಳೆಯಲಿಲ್ಲ, ಬೆರಳು ಒತ್ತಿತು — ಏ ಕೊಕ್ಕರೆ, ಕೂತ್ಕೊಳೋ, ಬಿಸಿಲು ತಲೆಗೆ ಹತ್ತಿ ಬಿದ್ದುಹೋದ್ರೆ ನಿನ್ನ ಕಾಲು ಮಡಚಿ ಯಾವ ಗಾಡೀಲಿ ಹಾಕ್ಲಿ ನಾನು.

ಅದೇ ದನಿ, ಹೊಗೆಸೊಪ್ಪಿನ ದನಿ, ಕ್ಯಾಲಮನಿಗೆ ಹೇಳಿದ್ದು, ಚಿತ್ರ ತೆಗೆಯಲು ಬಂದು ಬಿಸಿಲಲ್ಲಿ ನಿಂತವನಿಗೆ, ಅವನೇ ಅದನ್ನು ಕತ್ತರಿಸದೆ ಮೊದಲಿಗಿಟ್ಟಿದ್ದ, ಜನ ನಗುತ್ತಾರೆ ಅಂತ, ದೊಡ್ಡಮ್ಮ, ಅಲ್ಲೆಲ್ಲೋ ಅರ್ಧ ದಾರಿಯಲ್ಲಿ, ತಿರುಗಿದಳು, ತಿರುಗಿಬಿಟ್ಟಳು — ಒಟಿಲಿಯಾ ಮೇಜಿನ ಅಂಚು ಹಿಡಿದು ನೆಲಕ್ಕೆ ಕೂತಳು, ಕಿವಿಗೆ ಎರಡೂ ಕೈ, ಒಳಗಿನಿಂದ ಆ ರಾಗ ಎದ್ದಿತು, ಕರೆಯದೆ ಬಂದದ್ದು, ಅಮ್ಮನಿಂದ ಅಜ್ಜಿಯಿಂದ ಇಳಿದು ಬಂದ ಅಳುವಿನ ರಾಗ, ಕೆಳಗಿನಿಂದ ಮೇಲೆ, ಮೇಲಿನಿಂದ ಕೆಳಗೆ, ನಾಚಿಕೆಯಿಲ್ಲ, ಯಾಕೆ ನಾಚಿಕೆ, ಈ ಗಾಜಿನ ಮನೆಯಲ್ಲಿ ನಿಂತ ಅಷ್ಟೂ ಕೋಟುಗಳು ಕೇಳಲಿ, ಸತ್ತವಳೊಬ್ಬಳಿದ್ದಾಳೆ, ಅವಳಿಗೆ ಅಳುವವರಿದ್ದಾರೆ, ಹೋಗು ದೊಡ್ಡಮ್ಮ, ನಿನ್ನನ್ನಲ್ಲ ಕರೆದದ್ದು, ಹೋಗು, ಹಿಂದೆ ನೋಡಬೇಡ, ನಾವಿದ್ದೇವೆ ಇಲ್ಲಿ, ಹೋಗು. ಎಷ್ಟು ಹೊತ್ತು ಅತ್ತಳೋ, ರಾಗ ತಾನಾಗಿ ತೆಳುವಾದಾಗ ಜೇನಿನ ಮಳಿಗೆಯ ಸಾಲು ಚದುರದೆ ಇತ್ತ ತಿರುಗಿ ನಿಂತಿತ್ತು, ಯೂನ್ ಫೋನನ್ನು ಎದೆಗೊತ್ತಿ ಹಿಡಿದು ತಾನೂ ನೆಲದ ಮೇಲೆ ಕೂತಿದ್ದಳು, ನನಗೆ ತಿಳೀಲಿಲ್ಲ, ನನ್ನದು ತಪ್ಪಾಯ್ತು, ಅಂದಳು, ಹಣ್ಣಿನ ಮಾತು ನಾಳೆ ಆಡೋಣ, ನೀವೇ ಹೇಳಿ, ಇದ್ಯಾವುದೂ ಬೇಡ. ನಾಳೆ ಅವಳು ಬರಬಹುದು, ಬಾರದೆಯೂ ಇರಬಹುದು. ಕ್ಯಾಲಮ್ ಮಾತ್ರ ಎದ್ದವನು ಎದ್ದಂತೆಯೇ ನಿಂತಿದ್ದ, ಕೊಕ್ಕರೆಯ ಹಾಗೇ, ಮುಖದಲ್ಲಿ ನೆತ್ತರಿಲ್ಲ, ದೊಡ್ಡಮ್ಮ ತೀರಿಕೊಂಡ ಮೇಲೆ ಅವನೂ ಆ ದನಿ ಕೇಳಿದ್ದು ಇದೇ ಮೊದಲು, ಇಷ್ಟು ದಿನ ನೂರಕ್ಕೆ ಎಂಬತ್ತು ಅಂತ ಲೆಕ್ಕವನ್ನೇ ನೋಡಿದ್ದ, ದನಿಯನ್ನಲ್ಲ. ಮೆಲ್ಲಗೆ ಬಂದು ಒಟಿಲಿಯಾಳ ಪಕ್ಕದಲ್ಲಿ ಕಾಲು ಮಡಚಿ ಕೂತ, ಲ್ಯಾಪ್‌ಟಾಪನ್ನು ಅವಳ ಕಡೆಗೆ ತಿರುಗಿಸಿದ, ಪುಟದ ಬೀಗ ತೆರೆದಿತ್ತು, ಕೆಳಗೆ ಅಳಿಸುವ ಗುಂಡಿ. ಇದು ನಿಮ್ಮದು, ಅಂದ, ಆಂಟಿ ಅನ್ನಲಿಲ್ಲ. ನಿನ್ನ ಕಂಪನಿ? ಅದನ್ನ ನಾನು ನೋಡ್ಕೋತೀನಿ. ಒತ್ತಬೇಕಾದರೆ ಕಣ್ಣು ಅಲ್ಲಿಗೆ ಹೋಗಲೇಬೇಕು, ಗುಂಡಿಯ ಮೇಲುಗಡೆಯೇ ದೊಡ್ಡಮ್ಮನ ಮುಖ, ಹೇಗೆ ನೋಡಲಿ ತಾಯಿ ಅನ್ನುವಷ್ಟರಲ್ಲಿ ಅವನು ತನ್ನ ಬಲಗೈ ಅಂಗೈಯನ್ನು ಪರದೆಯ ಮೇಲೆ ಅಗಲವಾಗಿ ಹರಡಿ ಮುಚ್ಚಿ ಹಿಡಿದ, ಗಟ್ಟಿಯಾಗಿ, ಒಟಿಲಿಯಾ ಬೆರಳು ಚಾಚಿದಳು, ನೋಡಬಾರದು, ನೋಡುತ್ತಿಲ್ಲ, ಗುಂಡಿಯನ್ನೇ ನೋಡುತ್ತಿದ್ದೇನೆ, ಗುಂಡಿ ಮಾತ್ರ, ಒತ್ತಿದಳು — ಆದರೂ ಅವನ ಬೆರಳ ಸಂದಿಯಲ್ಲಿ, ಒಂದು ಎಳೆಯಷ್ಟು ಬೆಳಕಿನಲ್ಲಿ, ತೆರೆದ ಬಾಯಿ, ಮಾತು ಇನ್ನೂ ಹೊರಡದ —