ಅನ್ನವ್ವನಿಗೆ ಹೇಳಿದ ಕೊರಿಯಾದ ಕಥಿ

ಬೆಟಗೇರಿಯ ನೇಕಾರರ ಓಣಿಗೆ ಸೊಸೆಯಾಗಿ ಬಂದ ಸೌಂದರ್ಯಾಳ ಸಾಮಾನಿನಲ್ಲಿ ಎಲ್ಲರ ಕಣ್ಣಿಗೂ ಮೊದಲು ಬಿದ್ದದ್ದು ಕೊರಿಯನ್ ಭಾಷೆಯ ದಪ್ಪ ದಪ್ಪ ಪುಸ್ತಕಗಳು. ಮುಂಡರಗಿಯಲ್ಲಿ ಕಾಲೇಜು ಓದುವಾಗ ಮೊಬೈಲಿನಲ್ಲಿ ಧಾರಾವಾಹಿ ನೋಡುತ್ತ ನೋಡುತ್ತ ಅವಳಿಗೆ ಆ ಭಾಷೆಯ ಹುಚ್ಚು ಹತ್ತಿತ್ತು. ಹುಬ್ಬಳ್ಳಿಯ ಶೃತಿ ಮೇಡಂ ಅವರ ಆನ್‌ಲೈನ್ ಕ್ಲಾಸು ಸೇರಿದ್ದಳು. ಮುಂದೊಂದು ದಿನ ಅನುವಾದದ ಕೆಲಸ ಹಿಡಿಯಬೇಕೆಂಬ ಆಸೆ. ಗಂಡ ಮನೋಹರ ಗದಗಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿದ್ದ. "ಓದಕೊ, ಬ್ಯಾಡ ಅನ್ನಾವ್ರು ಯಾರು?" ಅಂದಿದ್ದ.

ಆದರೆ ಬೆಂಗಳೂರಿಗೆ ಹೋಗಿ ಬರೆದ ಕೊರಿಯನ್ ಭಾಷಾ ಪರೀಕ್ಷೆಯಲ್ಲಿ ಅವಳಿಗೆ ಎರಡನೇ ಹಂತ ದಕ್ಕಲಿಲ್ಲ. ಓದಿ ಉತ್ತರಿಸುವ ಭಾಗ ಸರಿಯಿತ್ತು. ಕಿವಿಯಿಂದ ಕೇಳಿ ಉತ್ತರ ಗುರುತಿಸುವಲ್ಲೇ ಮುಗ್ಗರಿಸಿದ್ದಳು. ಅಲ್ಲಿಂದ ಬಂದವಳು ಪುಸ್ತಕಗಳನ್ನು ಕಪಾಟಿನ ಮೇಲೇರಿಸಿಬಿಟ್ಟಳು. ಅತ್ತಿದ್ದೂ ಇಲ್ಲ, ಕೂಗಾಡಿದ್ದೂ ಇಲ್ಲ. ಹಗಲೆಲ್ಲ ಬಟ್ಟೆ ಅಂಗಡಿಯಲ್ಲಿ ಬಿಲ್ಲು ಮಾಡಿ ಮನೆಗೆ ಬಂದರೆ ಕಪಾಟಿನ ಕಡೆ ನೋಡಲೂ ಮನಸ್ಸಾಗುತ್ತಿರಲಿಲ್ಲ, ಅಷ್ಟೇ. ಕ್ಲಾಸಿಗೆ ಹಾಜರಾಗುವುದನ್ನೂ ಬಿಟ್ಟಳು.

ಒಂದು ರವಿವಾರ ಶೃತಿ ಮೇಡಂ ಫೋನು ಹಚ್ಚಿದರು. ಬೈಯಬಹುದೆಂದು ಸೌಂದರ್ಯಾ ಅಂಜಿದ್ದಳು. ಅವರು ಬೈಯಲಿಲ್ಲ.

"ಪುಸ್ತಕ ಮುಟ್ಟಬ್ಯಾಡ. ಕ್ಲಾಸಿಗೂ ಬರಬ್ಯಾಡ," ಅಂದರು. "ಭಾಷಾ ಮಾತ್ರ ಮನ್ಯಾಗ ಓಡಾಡಕೊಂಡಿರಲಿ. ರೊಟ್ಟಿ ಬಡಿಯೋಮುಂದ ಒಂದ್ ಧಾರಾವಾಹಿ ಹಚ್ಚಿಡು. ತಿಳಿದ್ರ ತಿಳೀಲಿ, ಇಲ್ಲಾಂದ್ರ ಬಿಡಲಿ. ಇಷ್ಟಂತೂ ಮಾಡಾಕ ಆಗತೈತಲ್ಲ?"

ಅಷ್ಟಕ್ಕೆ ಅವಳು ಹೂಂ ಎಂದಳು.

ಮರುದಿನ ಸಂಜೆ ಒಲೆಯ ಪಕ್ಕದ ಗೋಡೆಯ ಮಾಡದಲ್ಲಿ ಮೊಬೈಲು ನಿಲ್ಲಿಸಿದಳು. ಸಮುದ್ರದ ದಂಡೆಯ ಊರೊಂದರಲ್ಲಿ ಖಾನಾವಳಿ ನಡೆಸುವ ತಂಗಿ, ಮುನಿಸಿಕೊಂಡು ಮನೆ ಬಿಟ್ಟುಹೋದ ಅಕ್ಕ, ಇವರಿಬ್ಬರ ಕಥೆ. ನಡುಮನೆಯಲ್ಲಿ ರಾಟಿಯ ಮುಂದೆ ಕುಳಿತು ಲಾಳಿಯೊಳಗಿಡುವ ಕಂಡಿಕಿಗೆ ನೂಲು ಸುತ್ತುತ್ತಿದ್ದ ಅತ್ತೆ ಅನ್ನವ್ವನ ಕಿವಿಗೆ ಅಳುವ ದನಿ ಬಿತ್ತು. ಅನ್ನವ್ವನಿಗೆ ಕಣ್ಣು ಮಂಜು. ನೂಲೇನೋ ಬೆರಳಿಗೇ ಗೊತ್ತಾಗುತ್ತಿತ್ತು, ಮೊಬೈಲಿನ ಪುಟ್ಟ ಚಿತ್ರ ಮಾತ್ರ ಏನೂ ಕಾಣುತ್ತಿರಲಿಲ್ಲ.

"ಯಾಕವಾ ಅಳಾಕತ್ಯಾಳ ಆಕಿ?"

"ಅವರಕ್ಕ ಫೋನ್ ಎತ್ತವಲ್ಳಂತ್ರಿ, ಅತ್ತಿ."

"ಯಾಕ ಎತ್ತವಲ್ಳು? ಏನಾಗಿತ್ತು? ಮೊದಲಿಂದ ಹೇಳು."

ಅಲ್ಲಿಂದ ಅದೇ ರೂಢಿಯಾಯಿತು. ಮೊಬೈಲು ದಾರ ಕಟ್ಟಿಸಿಕೊಂಡು ಮಾಡದಿಂದ ನಡುಮನೆಯ ಗೂಟಕ್ಕೆ ಬಂತು. ಸೌಂದರ್ಯಾ ಕಾಯಿಪಲ್ಲೆ ಸೋಸುತ್ತ, ಬಟ್ಟೆ ಮಡಚುತ್ತ, ಪರದೆಯ ಕೆಳಗಿನ ಇಂಗ್ಲಿಷ್ ಸಾಲುಗಳನ್ನು ಓದಿ ಕನ್ನಡದಲ್ಲಿ ಹೇಳುವಳು. ಅನ್ನವ್ವ ರಾಟಿ ತಿರುಗಿಸುತ್ತ ಹೂಂಗುಟ್ಟುವಳು. ಮಗ್ಗದ ಕುಣಿಯಲ್ಲಿ ಕುಳಿತ ಮಾವ ಕುಬೇರಪ್ಪ ತನಗೆ ಇದೆಲ್ಲ ಬೇಡವೆಂಬಂತೆ ಇರುತ್ತಿದ್ದ. ಆದರೆ ಮುಖ್ಯವಾದ ಮಾತು ಬಂದಾಗ ಲಾಳಿಯ ಸಪ್ಪಳ ತಾನಾಗಿ ನಿಲ್ಲುತ್ತಿತ್ತು.

ಒಂದು ಸಂಜೆ ಅನ್ನವ್ವ ರಾಟಿ ನಿಲ್ಲಿಸಿ ಕೇಳಿದಳು: "ಆ ತಂಗಿ ಇಷ್ಟ ದಿನಾ ಖಾನಾವಳಿಗೆ ಬರೋ ಆ ಹುಡುಗನ ಜೋಡಿ ಮಾತಾಡೋಮುಂದ ಕಡೀಕ 'ಯೋ, ಯೋ' ಅಂತಿದ್ಲು. ಇವತ್ತ ಯಾಕ ಅನವಲ್ಳು?"

ಸೌಂದರ್ಯಾಳಿಗೆ ಅದು ಲಕ್ಷ್ಯಕ್ಕೇ ಬಂದಿರಲಿಲ್ಲ. ಹಿಂದಕ್ಕೆ ಹೋಗಿ ಮತ್ತೆ ಕೇಳಿದಳು. ಖರೆ, 'ಯೋ' ಬಿಟ್ಟುಹೋಗಿತ್ತು.

"ಅದು ನಮ್ಮ 'ರಿ' ಇದ್ದಂಗ್ರಿ, ಅತ್ತಿ. ಹೊರಗಿನವರಿಗೆ, ದೊಡ್ಡವರಿಗೆ ಹಚ್ಚತಾರ. ಈಗ ಇಬ್ಬರಿಗೂ ಸಲಿಗಿ ಆಗೇತ್ರಿ."

"ಅಂದ್ರ 'ಬರ್ರಿ' ಹೋಗಿ 'ಬಾ' ಆತು ಅನ್ನು!" ಅನ್ನವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ನಡೀತು ಬಿಡು ಇವರ ಲಗ್ನ."

ಮಳೆಗಾಲ ಕಳೆಯುವ ಹೊತ್ತಿಗೆ ಕಥೆ ಮುಗಿಯುವ ಹಂತಕ್ಕೆ ಬಂತು. ಅಕ್ಕ ಕಡೆಗೂ ಊರಿಗೆ ಬಂದು ಖಾನಾವಳಿಯ ಬಾಗಿಲಲ್ಲಿ ನಿಂತಿದ್ದಳು. ಅಷ್ಟರಲ್ಲಿ ಗೂಟದ ದಾರ ಹರಿದು ಮೊಬೈಲು ಕಲ್ಲುಹಾಸಿನ ಮೇಲೆ ಮುಖ ಅಡಿಯಾಗಿ ಬಿತ್ತು. ಎತ್ತಿ ನೋಡಿದರೆ ಪರದೆ ಪೂರಾ ಕಪ್ಪು. ಆದರೆ ದನಿ ನಿಂತಿರಲಿಲ್ಲ. ಒಳಗೆ ಅಕ್ಕ ಮಾತಾಡುತ್ತಲೇ ಇದ್ದಳು.

"ಅಯ್ಯ, ಹೊಡದ್ಹೋತ್ರಿ!" ಎಂದಳು ಸೌಂದರ್ಯಾ.

"ಮಾತು ಕೇಳಾಕತ್ತೈತಲ್ಲ. ಜಲ್ದಿ ಹೇಳು, ಏನಂದ್ಲು ಆಕಿ?"

ಅತ್ತೆಯ ಅವಸರಕ್ಕೆ ಅವಳು ಬಾಯಿ ತೆರೆದಳು. "ಅವ್ವ ಸತ್ತಾಗ ನಾ ಬರಲಿಲ್ಲ ಅಂತ ನಿನಗ ಸಿಟ್ಟೈತಿ ಅಂತಾಳ್ರಿ... ನಾ ಬಂದಿದ್ನಿ, ಊರಾಗ ಬರಾಕ ಧೈರ್ಯ ಆಗದ ಬಸ್ ಸ್ಟ್ಯಾಂಡಿನಾಗ ಕುಂತು ಹೊಳ್ಳಿ ಹೋದ್ನಿ ಅಂತಾಳ್ರಿ... ತಂಗಿ ಏನೂ ಅನ್ನವಲ್ಳು... ಈಗಂದ್ಲು ನೋಡ್ರಿ. ಉಂಡೀಯೇನು, ಅಂತ ಕೇಳಾಕತ್ತಾಳ."

ಅನ್ನವ್ವ ಕಣ್ಣೊರೆಸಿಕೊಂಡಳು. ಮಗ್ಗದ ಕುಣಿಯಿಂದ ಕುಬೇರಪ್ಪ ಮೂಗೆಳೆದ ಸಪ್ಪಳ ಬಂತು.

ಸೌಂದರ್ಯಾ ಕಪ್ಪು ಪರದೆಯನ್ನೇ ನೋಡುತ್ತ ಕುಳಿತಳು. ಓದಲು ಒಂದು ಸಾಲೂ ಇರಲಿಲ್ಲ. ಪರೀಕ್ಷೆಯಲ್ಲಿ ಕೈಕೊಟ್ಟ ಅದೇ ಕಿವಿ ಇಷ್ಟನ್ನೂ ಹಿಡಿದುಕೊಟ್ಟಿತ್ತು.

"ಅತ್ತಿ, ನಾ ನೋಡದ ಹೇಳಿದ್ನಿರಿ! ಬರೇ ಕೇಳಿ ಹೇಳಿದ್ನಿ!"

"ಅದರಾಗ ಏನೈತಿ? ನಾ ದಿನಾ ಹಂಗ ಕೇಳ್ತೀನಲ್ಲ," ಎಂದಳು ಅನ್ನವ್ವ, ಕಂಡಿಕಿ ಬದಲಿಸುತ್ತ.

ಮುಂದಿನ ಸಲದ ಪರೀಕ್ಷೆಗೆ ಮನೋಹರನೇ ಜೊತೆಗೆ ಬಂದ. ಫಲಿತಾಂಶ ಬಂದ ದಿನ ಸೌಂದರ್ಯಾ ಅಂಗಡಿಯಿಂದ ಬಂದವಳೇ ಚಪ್ಪಲಿ ಬಿಟ್ಟು ನೇರ ನಡುಮನೆಗೆ ಹೋದಳು. ಎರಡನೇ ಹಂತ ಸಿಕ್ಕಿತ್ತು. ಹೊಸದಾಗಿ ಕಲಿಯುವವರಿಗೆ ರವಿವಾರದ ಕ್ಲಾಸು ನೀನೇ ತಗೋ ಎಂದು ಶೃತಿ ಮೇಡಂ ಆಗಲೇ ಹೇಳಿದ್ದರು. ಅದನ್ನೆಲ್ಲ ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಮುಖ್ಯವಾದದ್ದು ಇನ್ನೂ ಉಳಿದಿತ್ತು. ಉಪಕಾರ ಆತು ಎಂದು ಮನೆಯವರಿಗೇ ಹೇಳುವ ರೂಢಿ ಅವರಲ್ಲಿ ಇರಲಿಲ್ಲ. ಕನ್ನಡದಲ್ಲಿ ಹೇಳಿದರೆ ಹೊರಗಿನವರಿಗೆ ಹೇಳಿದಂತಾಗುತ್ತಿತ್ತು. ಅತ್ತೆಯ ಮುಂದೆ ಕುಳಿತು ತಲೆ ಬಾಗಿಸಿ ಅದನ್ನೇ ಕೊರಿಯನ್ನಿನಲ್ಲಿ, "ಕಮ್ಸಾಹಮ್ನಿದಾ," ಎಂದಳು.

ಅನ್ನವ್ವ ಅವಳ ಕೆನ್ನೆ ಮುಟ್ಟಿದಳು. ಬೆರಳ ತುದಿಯ ನೂಲಿನ ಎಳೆಯೊಂದು ಸೊಸೆಯ ಕೆನ್ನೆಗೆ ಅಂಟಿತು.

"ಅದು ನನಗೂ ಗೊತ್ತೈತಿ," ಎಂದಳು. "ಅದಕ್ಕ ಹೊಳ್ಳಿ ಏನನ್ನಬೇಕು, ಅದನ್ನ ಕಲಿಸು."