ಗಿಸ್ಲರಮ್ಮನ ಮನೆಯಲ್ಲಿ ಮೂರು ದಿನ

“ಅರ್ಜಿ ಹಾಕಿದೋರು ಈಗ ಸ್ವಲ್ಪ ಹೊರಗಿರ್ಬೇಕು. ನಿಮ್ಮೆದುರಿಗೇ ನಿಮ್ಮ ವಿಷ್ಯ ಮಾತಾಡೋದು ಚೆನ್ನಾಗಿರಲ್ಲ, ನೋಡಿ,” ಎಂದು ಊರಿನ ಅಧ್ಯಕ್ಷರು ಮೈಕಿನಲ್ಲಿ ನಗುನಗುತ್ತಲೇ ಹೇಳಿದರು.

ಮಿರಾದಿಯೆ ಮಗಳ ಕೈ ಹಿಡಿದು ಎದ್ದಳು. ಶಾಲೆಯ ಆಟದ ಹಾಲ್ ತುಂಬ ಊರವರು ಕೂತಿದ್ದರು. ಒಳಚರಂಡಿಯ ರಿಪೇರಿಗೆ ಆಗಷ್ಟೇ ಕೈಯೆತ್ತಿ ಒಪ್ಪಿಗೆ ಕೊಟ್ಟಿದ್ದರು. ಚರಂಡಿಯಾದ ಮೇಲೆ ತಾಯಿ ಮಗಳ ಸರದಿ. ಈ ಇಬ್ಬರನ್ನು ದೇಶದ ಪ್ರಜೆಗಳನ್ನಾಗಿ ಮಾಡಿಕೊಳ್ಳಬೇಕೋ ಬೇಡವೋ ಎಂಬುದನ್ನೂ ಅವೇ ಕೈಗಳು ತೀರ್ಮಾನಿಸಬೇಕು. ಸ್ವಿಟ್ಜರ್ಲೆಂಡಿನ ಆ ಊರಿನಲ್ಲಿ ಅದು ಹಾಗೇ ನಡೆದುಕೊಂಡು ಬಂದದ್ದು.

ಹೊರಗಿನ ಓಣಿಯಲ್ಲಿ ಮಕ್ಕಳ ಬೂಟಿನ ವಾಸನೆ. ಇಬ್ಬರೂ ಕೋಟು ನೇತುಹಾಕುವ ಗೂಟಗಳ ಕೆಳಗೆ ನಿಂತರು. ಮಿರಾದಿಯೆ ಕೊಸೊವೊದಿಂದ ಹಾಮ್ದಿಯ ಕೈಹಿಡಿದು ಈ ಊರಿಗೆ ಬಂದವಳು. ಕಾಯಂ ವಾಸದ ಪರವಾನಗಿ ಸಿಕ್ಕೇ ಎಷ್ಟೋ ವರ್ಷವಾಗಿತ್ತು. ಪೌರತ್ವದ ಮಾತು ಬಂದಾಗಲೆಲ್ಲ ಹಾಮ್ದಿ, “ಯಾರು ಓಡಿಸ್ತಿದಾರೆ ನಮ್ಮನ್ನ?” ಎಂದು ಮುಂದೂಡುತ್ತ ಬಂದ. ಹಾಗೆ ಮುಂದೂಡುತ್ತಲೇ ತೀರಿಯೂ ಹೋದ. ಆಮೇಲೆ ಮಿರಾದಿಯೆಗೆ ಭಯ ಹತ್ತಿತು. ಪರವಾನಗಿ ಎಂದರೆ ಕೊಟ್ಟವರು ಯಾವತ್ತು ಬೇಕಾದರೂ ಕಿತ್ತುಕೊಳ್ಳಬಹುದಾದದ್ದು. ತಾನು ಮತ್ತು ಮಗಳು ಯಾವ ಗಡಿಯಲ್ಲೂ ಬೇರೆ ಬೇರೆ ಸಾಲಿನಲ್ಲಿ ನಿಲ್ಲಬಾರದು ಎನ್ನುವುದೊಂದೇ ಅವಳ ಆಸೆ. ಅದಕ್ಕೇ ತನ್ನ ಅರ್ಜಿಯಲ್ಲೇ ವ್ಯೋಸಾಳ ಹೆಸರನ್ನೂ ಸೇರಿಸಿದ್ದಳು. ಹದಿನಾರರ ವ್ಯೋಸಾ ಇದೇ ಊರಲ್ಲಿ ಹುಟ್ಟಿದವಳು. ಊರಿನ ಭಾಷೆಯನ್ನು ಎಷ್ಟು ಬೇಗ ಬೇಗ ಆಡುತ್ತಿದ್ದಳೆಂದರೆ ತಾಯಿಗೆ ಅರ್ಧ ತಿಳಿಯುತ್ತಿರಲಿಲ್ಲ.

“ಅಮ್ಮಾ, ಊರಲ್ಲಿ ನಿಂಗೆ ಹತ್ರದೋರು ಯಾರು ಅಂತ ಕಮಿಟಿಯೋರು ಕೇಳಿದ್ರಲ್ಲ, ಏನಂದೆ?”

“ಮೇಲಿನ ಮನೆ ಗಿಸ್ಲರಮ್ಮ ಅಂದೆ. ಇನ್ಯಾರು?”

“ಅವ್ರಾ? ಅವ್ರು ನಿನ್ ಜೊತೆ ಯಾವಾಗ ಮಾತಾಡ್ತಾರೆ?”

“ಮಾತ್ಯಾಕೆ ಬೇಕೇ? ಅವ್ರ ಯಜಮಾನ್ರು ಹೋದಾಗ ಮೂರು ದಿನ ಜೊತೇಲಿ ಕೂತಿದ್ದೀನಿ.”

ಸಾವಾದ ಮನೆಗೆ ಯಾರೂ ಕರೆಯುವುದಿಲ್ಲ, ಕರೆಯುವವರೆಗೆ ಯಾರೂ ಕಾಯುವುದೂ ಇಲ್ಲ. ಮಿರಾದಿಯೆ ಬೆಳೆದದ್ದು ಹಾಗೆ. ಸಕ್ಕರೆ, ಕಾಫಿಪುಡಿ ತೆಗೆದುಕೊಂಡು ಹೋಗಿ ಕೂರಬೇಕು. ಮನೆ ಖಾಲಿ ಬಿಡಬಾರದು. ನಾದಿನಿಯರನ್ನೂ ಚಿಕ್ಕಮ್ಮನನ್ನೂ ರೈಲಿನಲ್ಲಿ ಕರೆಸಿಕೊಂಡು, ಗಿಸ್ಲರಮ್ಮನಿಗೆ ಯಾರೂ ಇಲ್ಲವೆನಿಸದಿರಲಿ ಎಂದು ಸೋಫಾ ತುಂಬ ಕೂರಿಸಿದ್ದಳು. ಮೂರನೆಯ ದಿನ ಗಿಸ್ಲರಮ್ಮ, “ನಿಮಗೂ ಮನೇಲಿ ಕೆಲ್ಸ ಇರುತ್ತಲ್ಲ,” ಎಂದಿದ್ದರು. ಎಂಥ ದುಃಖದಲ್ಲೂ ನಮ್ಮ ಕಷ್ಟ ಯೋಚಿಸುತ್ತಾರಲ್ಲ ಎಂದು ಮಿರಾದಿಯೆ ಮೆಟ್ಟಿಲಿಳಿಯುವಾಗ ಕಣ್ಣೊರೆಸಿಕೊಂಡಿದ್ದಳು.

ಹಾಮ್ದಿ ಸತ್ತಾಗ ಗಿಸ್ಲರಮ್ಮ ಬರಲಿಲ್ಲ. ಕಪ್ಪು ಅಂಚಿನ ಕಾರ್ಡೊಂದು ಟಪಾಲು ಡಬ್ಬಿಯಲ್ಲಿ ಬಿದ್ದಿತ್ತು. ಮೇಲಿನ ಮನೆಯವರು ಕೆಳಗಿನ ಮನೆಗೆ ಅಂಚೆಚೀಟಿ ಹಚ್ಚಿ ಕಳಿಸಿದ್ದರು. ಪಾಪ, ಮಂಡಿನೋವಿನವರು, ಹೇಗೆ ಇಳಿದಾರು ಎಂದು ಮಿರಾದಿಯೆಯೇ ಅವರ ಪರವಾಗಿ ನೆಪ ಹುಡುಕಿಕೊಂಡಿದ್ದಳು.

ಒಳಗಿಂದ ಮೈಕು ಗೊರಗುಟ್ಟಿತು. ಊರಿನ ಮೈಕು ಬಹಳ ಚೆನ್ನಾಗಿತ್ತು. ಮುಚ್ಚಿದ ಬಾಗಿಲಾಚೆಗೂ ಒಂದಕ್ಷರ ಬಿಡದೆ ಕೇಳಿಸುತ್ತಿತ್ತು.

“ನಂಗೆ ಅವ್ರ ಮೇಲೆ ದ್ವೇಷ ಇಲ್ಲ,” ಅದು ಗಿಸ್ಲರಮ್ಮನ ದನಿ. “ಮೆಟ್ಟಿಲು ಒರೆಸ್ತಾರೆ, ಗಲಾಟೆ ಮಾಡಲ್ಲ. ಆದ್ರೆ ನಮ್ಮೋರು ಹೋದಾಗ ಹೇಳ್ದೆ ಕೇಳ್ದೆ ಬಂದ್ಬಿಟ್ರು. ಒಬ್ರಲ್ಲ, ತಮ್ಮ ಕಡೆ ಹೆಂಗಸರನ್ನೆಲ್ಲ ಕಟ್ಕೊಂಡು. ಕತ್ತಲಾದ್ರೂ ಏಳ್ಲಿಲ್ಲ. ಮಾರನೇ ದಿನಾನೂ ಬಂದ್ರು, ಅದರ ಮಾರನೇ ದಿನಾನೂ ಬಂದ್ರು. ಕೈಯಲ್ಲಿ ಸಕ್ಕರೆ ಬೇರೆ, ನಮ್ಮನೇಲಿ ಸಕ್ಕರೆ ಇಲ್ವೇನೋ ಅನ್ನೋ ಥರ! ನನ್ನ ಮನೇಲಿ ನಾನು ಒಂಟಿಯಾಗಿ ಕೂತು ಅಳೋಕೂ ಬಿಡ್ಲಿಲ್ಲ. ಇಷ್ಟು ವರ್ಷ ನಮ್ಮ ನಡುವೆ ಇದ್ದೂ ಇಷ್ಟು ಗೊತ್ತಾಗ್ಲಿಲ್ಲ ಅಂದ್ರೆ ಹೇಗೆ? ಹುಡುಗಿ ವಿಷ್ಯ ಬೇರೆ. ಹುಡುಗಿ ನಮ್ಮೋಳೇ.”

ಯಾರೋ ಚಪ್ಪಾಳೆ ತಟ್ಟಿದರು. ಹಾಗಾದರೆ ಇಬ್ಬರಿಗೂ ಬೇರೆ ಬೇರೆಯಾಗಿ ಕೈ ಎತ್ತೋಣ ಎಂದರು ಅಧ್ಯಕ್ಷರು. ಮಿರಾದಿಯೆಗೆ ನಾಚಿಕೆಯಿಂದ ಕಿವಿ ಸುಡತೊಡಗಿತು. ಗಿಸ್ಲರಮ್ಮನ ಮೇಲೆ ಸಿಟ್ಟು ಬಂದಿದ್ದರೆ ಹಗುರಾಗುತ್ತಿತ್ತೋ ಏನೋ. ಆ ಮೂರು ದಿನ ತಾನು ತಟ್ಟೆ ತೊಳೆದದ್ದು, ಅವರ ಬೆನ್ನು ಸವರಿದ್ದು ಒಂದೊಂದೇ ನೆನಪಾಗಿ ಮೈಯೆಲ್ಲ ಹಿಡಿಯಾಯಿತು. ವ್ಯೋಸಾ ಮೆಲ್ಲಗೆ ಕೈ ಬಿಡಿಸಿಕೊಂಡಳು.

ಬಾಗಿಲು ತೆರೆದು ಗುಮಾಸ್ತ ಹೊರಬಂದ. “ಮಗಳದ್ದು ಆಯ್ತು, ಎಲ್ರೂ ಕೈ ಎತ್ತಿದ್ರು. ತಾಯಿದು ಈ ಸಲ ಆಗ್ಲಿಲ್ಲ. ಬೇಜಾರಾಗ್ಬೇಡಿ, ಮುಂದೆ ಮತ್ತೆ ಹಾಕ್ಬಹುದು. ಬಾಮ್ಮ, ಒಳಗೆ ಕಾಯ್ತಿದಾರೆ.”

ವ್ಯೋಸಾ ತಾಯಿಯ ಮುಖ ನೋಡಿದಳು. ನೀನಿಲ್ಲದೆ ಹೋಗಲ್ಲ ಅನ್ನಲಿ, ಒಂದೇ ಒಂದು ಸಲ ಅನ್ನಲಿ ಎಂದು ಮಿರಾದಿಯೆ ಹಂಬಲಿಸಿದಳು. ಬಾಯಲ್ಲಿ ಮಾತ್ರ “ಹೋಗು” ಎಂದಳು. ಹುಡುಗಿ ಕೂದಲು ಸರಿಮಾಡಿಕೊಂಡು ಹೋದಳು. ಒಳಗಿನ ಚಪ್ಪಾಳೆ ಬಹಳ ಹೊತ್ತಾದರೂ ನಿಲ್ಲಲಿಲ್ಲ.

ಇಬ್ಬರೂ ಮನೆಯ ದಾರಿ ಹಿಡಿದರು. ಸೇತುವೆ ದಾಟಿದ ಮೇಲೆ ವ್ಯೋಸಾ ಊರಿನ ಭಾಷೆಯಲ್ಲಿ, ತಾಯಿಗೆ ತಿಳಿಯಲೆಂದು ನಿಧಾನವಾಗಿ ಅಂದಳು: “ಇನ್ಮೇಲೆ ಯಾರ ಮನೆಗೂ ಹಾಗೆಲ್ಲ ನುಗ್ಬೇಡ ಅಮ್ಮ. ಮೊದ್ಲು ಕೇಳ್ಬೇಕು.”

“ಸತ್ತೋರನ್ನೂ ಕೇಳ್ಕೊಂಡು ಬರ್ತೀನಿ ಬಿಡು,” ಎಂದಳು ಮಿರಾದಿಯೆ ತನ್ನ ಭಾಷೆಯಲ್ಲಿ.

ಮನೆ ಸೇರಿದವಳೇ ವ್ಯೋಸಾ ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಳಗಿಂದ ಗೆಳತಿಯರೊಂದಿಗೆ ಫೋನಿನಲ್ಲಿ ನಗುವುದು ಕೇಳಿಸಿತು. ಮಿರಾದಿಯೆ ಬಿಸಿ ಸಾರು ಬಟ್ಟಲಿಗೆ ಬಡಿಸಿಕೊಂಡು ಬಂದಳು. ಎಂದಿನಂತೆ ಚಿಲಕಕ್ಕೆ ಹೋದ ಕೈಯನ್ನು ಹಿಂದೆ ತೆಗೆದುಕೊಂಡಳು. ಆಮೇಲೆ ಬಾಗಿಲ ಮೇಲೆ ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ, ಒಳಗೆ ಬಾ ಅನ್ನುವವರೆಗೆ ನಿಂತಳು.