ನೂರು ಮೊಟ್ಟೆಯ ತಟ್ಟೆ

ಹೆಣದ ಬಾಯಿಗೆ ಅಕ್ಕಿ ಹಾಕುವ ಹೆಂಗಸರ ಸಾಲಿನ ಕೊನೆಯಲ್ಲಿದ್ದ ಪುಷ್ಪಲತಾಳ ಮೊಣಕೈಯನ್ನು ರಾಮಕ್ಕ ಗಟ್ಟಿಯಾಗಿ ಹಿಡಿದಳು. ಮುಂದಿದ್ದವರನ್ನೆಲ್ಲ ಸರಿಸಿಕೊಂಡು ಹೆಣದ ತಲೆಯ ಬಳಿಗೇ ಎಳೆದು ತಂದಳು.

“ಜರುಗ್ರೇ, ಮೇಡಮ್ಮೋರು ಮೊದ್ಲು ಹಾಕ್ಲಿ. ನನ್ ತಮ್ಮನ್ನ ಎಂಟು ತಿಂಗ್ಳು ಉಳಿಸ್ಕಂಡಿದ್ದೋರು ಇವ್ರೇ ಕಣ್ರೇ.”

ತನ್ನನ್ನು ಬೇರೆ ಯಾರೋ ಎಂದುಕೊಂಡಿದ್ದಾಳೆ ಎಂದು ಪುಷ್ಪಲತಾಗೆ ಅನಿಸಿತು. “ನಾನು ಕಾಲೇಜಿನವಳು ರಾಮಕ್ಕ. ಡಾಕ್ಟರಲ್ಲ.”

“ಗೊತ್ತು ಬುಡಿ. ಡಾಕ್ಟ್ರು ಕೊಯ್ತೀನಿ ಅಂದ್ರು. ನೀವು ಕಷಾಯ ಕೊಟ್ರಿ.”

ಅಂಗಳದ ಚಪ್ಪರದ ಕೆಳಗೆ ಮಲಗಿದ್ದ ಸಣ್ಣತಿಮ್ಮಯ್ಯ ತಿಪಟೂರಿನ ಕಾಲೇಜೊಂದರ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಅಟೆಂಡರ್ ಆಗಿದ್ದ. ಹನ್ನೊಂದು ವರ್ಷ ಅಲ್ಲಿನ ಮೀನಿನ ತೊಟ್ಟಿಗಳನ್ನು ನೋಡಿಕೊಂಡಿದ್ದ. ಪುಷ್ಪಲತಾ ಅದೇ ವಿಭಾಗದ ಅಧ್ಯಾಪಕಿ. ಕಳೆದ ಚಳಿಗಾಲದಲ್ಲಿ ಅವನ ದೊಡ್ಡ ಕರುಳಿನಲ್ಲಿ ಗಡ್ಡೆ ಸಿಕ್ಕಿತ್ತು. ಚಿಕ್ಕದಿದೆ, ಬೇಗ ತೆಗೆದರೆ ಉಳಿಯಬಹುದು ಎಂದು ಬೆಂಗಳೂರಿನ ಆಸ್ಪತ್ರೆಯವರು ತಾರೀಖು ಕೊಟ್ಟಿದ್ದರು. ಆಮೇಲೆ ಕೇಳಿದಾಗ, “ಮುಂದಕ್ಕೆ ಹಾಕವ್ರೆ ಮೇಡಮ್” ಎಂದಿದ್ದ. ಯಾಕೆ, ಎಷ್ಟು ದಿನಕ್ಕೆ ಎಂದು ಅವಳು ಕೇಳಿರಲಿಲ್ಲ. ಪರೀಕ್ಷೆಯ ದಿನಗಳು ಅವು.

ಅಕ್ಕಿ ಹಾಕಿ ಅವಳು ಅವನ ಹೆಂಡತಿ ಗಂಗಲಕ್ಷ್ಮಿಯ ಪಕ್ಕ ಕುಳಿತಳು. ಅತ್ತು ಅತ್ತು ಗಂಗಲಕ್ಷ್ಮಿಯ ದನಿ ಕಟ್ಟಿತ್ತು.

“ಯಾವ ಕಷಾಯ, ಗಂಗಲಕ್ಷ್ಮಿ?”

“ಅದೇ ಮೇಡಮ್, ಕೆಂದೊಗಟೆದು. ನೀವು ಮೀನಿಗೆ ಹಾಕ್ತಿದ್ರಲ್ಲ. ನಮ್ ಬೇಲೀಲೇ ಮರ ಐತೆ. ಬೆಳಿಗ್ಗೆ ಒಂದ್ಲೋಟ, ಸಂಜೆ ಒಂದ್ಲೋಟ. ಒಂದಿನಾನೂ ತಪ್ಪಿಸ್ಲಿಲ್ಲ.”

“ಆಪರೇಷನ್ನು?”

“ಮನೇಲೇ ಔಷ್ದಿ ಐತಲ್ಲ, ಹೊಟ್ಟೆ ಯಾಕೆ ಕೊಯ್ಸಬೇಕು ಅಂದ್ರು.”

ಹಿಂದಿನಿಂದ ರಾಮಕ್ಕ ಬಗ್ಗಿ, ಅವಳ ಕಿವಿಯ ಹತ್ತಿರ ದನಿ ಇಳಿಸಿದಳು. “ನಂಗೂ ಒಂದು ಗಂಟಾಗೈತೆ, ಎದೇಲಿ. ಬುಧವಾರ ತುಮ್ಕೂರ್ಗೆ ಬಾ, ಸೂಜಿ ಚುಚ್ಚಿ ನೋಡ್ಬೇಕು ಅಂದವ್ರೆ. ನಾನ್ಯಾಕ್ ಹೋಗ್ಲಿ? ಹೋದ ಅಮಾಸೆಯಿಂದ ಇದ್ನೇ ಕುಡೀತಾ ಇವ್ನಿ. ಎಷ್ಟು ಕುಡೀಬೇಕು ಅಂತ ಸರಿಯಾಗಿ ಹೇಳಿ ಹೋಗಿ ನನ್ತಾಯಿ.”

ದಾಸಯ್ಯ ಶಂಖ ಊದಿದ. ಹೆಣ ಎತ್ತುವವರು ಮುಂದೆ ಬಂದರು. ಪುಷ್ಪಲತಾ ಕೊಡಬೇಕಾದ ಉತ್ತರ ಜಾಗಟೆಯ ಸದ್ದಿನಲ್ಲಿ ತಪ್ಪಿಹೋಯಿತು.

*

ಎರಡು ವರ್ಷದ ಹಿಂದಿನ ಕೆಲಸ ಅದು. ಊತಕ್ಕೆ ಹಳ್ಳಿಯವರು ಅರೆದು ಹಚ್ಚುತ್ತಿದ್ದ ಕೆಂಪು ತೊಗಟೆಯ ಸಾರ ತೆಗೆದು ಪುಷ್ಪಲತಾ ಮೂರು ಪ್ರಶ್ನೆ ಹಾಕಿಕೊಂಡಿದ್ದಳು. ಊತ ಇಳಿಯುತ್ತದೆಯೇ? ಕ್ಯಾನ್ಸರ್ ಜೀವಕೋಶಗಳ ಮೇಲೆ ಏನಾದರೂ ಪರಿಣಾಮವಿದೆಯೇ? ಹುಟ್ಟುವ ಮರಿಗೆ ತೊಂದರೆಯಿದೆಯೇ? ಮೊದಲ ಎರಡಕ್ಕೆ ಮೈಸೂರಿನ ಪ್ರಯೋಗಾಲಯದಲ್ಲಿ ಉತ್ತರ ಸಿಕ್ಕಿತು. ಊತ ತುಸು ಇಳಿಯಿತು; ಗಾಜಿನ ತಟ್ಟೆಯಲ್ಲಿ ಕ್ಯಾನ್ಸರ್ ಜೀವಕೋಶಗಳು ಸತ್ತವು. ಮೂರನೆಯದನ್ನು ಕಾಲೇಜಿನಲ್ಲೇ ಮಾಡಬೇಕಿತ್ತು, ಜೀಬ್ರಾ ಮೀನಿನ ಮೇಲೆ.

ಹೆಬ್ಬೆರಳಿಗಿಂತ ಚಿಕ್ಕದಾದ ಈ ಪಟ್ಟೆ ಮೀನು ಬೆಳಕು ಹರಿಯುವ ಹೊತ್ತಿಗೆ ಮೊಟ್ಟೆ ಇಡುತ್ತದೆ. ಇಟ್ಟದ್ದನ್ನು ತಾನೇ ತಿನ್ನುತ್ತದೆ. ಅದಕ್ಕೆ ತೊಟ್ಟಿಯ ತಳಕ್ಕೆ ಗೋಲಿ ಹರವಬೇಕು. ಮೊಟ್ಟೆ ಗೋಲಿಗಳ ಸಂದಿಗೆ ಇಳಿದು ಉಳಿಯುತ್ತದೆ. ಸಣ್ಣತಿಮ್ಮಯ್ಯ ತನ್ನೂರು ಬಿಳಿಗೆರೆಯಿಂದ ಮೊದಲ ಬಸ್ಸಿಗೆ ಬಂದು, ಆರಕ್ಕೆಲ್ಲ ಮೊಟ್ಟೆ ಸೋಸಿ ತಟ್ಟೆಗಳಿಗೆ ಹಂಚುತ್ತಿದ್ದ. ತುರುವೇಕೆರೆಯಿಂದ ಬರುವ ಪುಷ್ಪಲತಾ ಒಳಗೆ ಕಾಲಿಡುವಾಗ ಹತ್ತು ಗಂಟೆ.

“ಪ್ರತಿ ತಟ್ಟೇಲಿ ಸರಿಯಾಗಿ ನೂರು ಇರಬೇಕು ತಿಮ್ಮಯ್ಯ. ಒಂದು ಹೆಚ್ಚೂ ಬೇಡ, ಕಮ್ಮಿನೂ ಬೇಡ. ಅರ್ಧದಕ್ಕೆ ಸಾರ, ಅರ್ಧದಕ್ಕೆ ಬರೀ ನೀರು. ಮಾರನೇ ದಿನ ಎಷ್ಟು ಬದುಕಿವೆ ನೋಡೋಣ.”

“ನೂರು ಅಂದ್ರೆ ನೂರೇ ಮೇಡಮ್.”

ಮಾರನೆಯ ದಿನ ತಟ್ಟೆಗಳು ತೊಳೆದಿಟ್ಟಂತೆ ಇರುತ್ತಿದ್ದವು. ಸಾರ ಹಾಕಿದ ತಟ್ಟೆಯಲ್ಲಿ ತೊಂಬತ್ತೇಳು, ಬರೀ ನೀರಿನದರಲ್ಲಿ ತೊಂಬತ್ತೆಂಟು. ಹದಿನಾಲ್ಕು ವಾರ ಹೀಗೇ ಬಂತು. ಮರಿಗಳಿಗೆ ಹಾನಿಯಿಲ್ಲ ಎಂದು ಅವಳು ಬರೆದಳು. ಲೇಖನ ಅಚ್ಚಾಯಿತು. ಜಿಲ್ಲೆಯ ಪತ್ರಿಕೆಯೊಂದು ‘ತೊಗಟೆಯಲ್ಲಿ ಕ್ಯಾನ್ಸರ್ ಮದ್ದು’ ಎಂದು ತಲೆಬರಹ ಕೊಟ್ಟು ಅವಳ ಫೋಟೊ ಹಾಕಿತು. ತಲೆಬರಹ ಸರಿಯಿಲ್ಲ ಎಂದು ಅವಳು ಪತ್ರಿಕೆಗೆ ಕಾಗದ ಬರೆಯಬೇಕೆಂದುಕೊಂಡಳು; ಬರೆಯಲಿಲ್ಲ. ಸಣ್ಣತಿಮ್ಮಯ್ಯ ಆ ಪುಟ ಕತ್ತರಿಸಿ ತೊಟ್ಟಿಯ ಕೋಣೆಯ ಬಾಗಿಲಿಗೆ ಅಂಟಿಸಿದ.

*

ಗುಣಿ ತೋಟದೊಳಗೆ, ಎರಡು ತೆಂಗಿನ ಸಾಲಿನ ನಡುವೆ. ಬೇರು ಅಡ್ಡ ಬಂದು ಕೆಲಸ ನಿಧಾನವಾಗಿತ್ತು. ಊರುಗೋಲು ಹಿಡಿದ ಹುಚ್ಚರಂಗಯ್ಯ ದಡದಲ್ಲಿ ನಿಂತು ಮೇಸ್ತ್ರಿಕೆ ಮಾಡುತ್ತಿದ್ದ.

“ಲೇ, ಇನ್ನೊಂದು ಗೇಣು ತೆಗೀರ್ಲಾ. ಇವ್ನಿಗೆ ಬೆಳಕರಿಯೋಕ್ ಮುಂಚೆ ಏಳೋ ಚಾಳಿ. ಮೇಲೇಲೇ ಮಲಗ್ಸುದ್ರೆ, ಮೀನಿಗೆ ಮೇವು ಹಾಕ್ಬೇಕು ಅಂತ ಎದ್ದು ಬಸ್ ಹತ್‌ಬುಟ್ಟಾನು.”

ನಗು ಬಂದವರು ಮುಖ ತಿರುಗಿಸಿಕೊಂಡರು. ಹುಚ್ಚರಂಗಯ್ಯ ಪುಷ್ಪಲತಾಳನ್ನು ನೋಡಿ ನೆರಳಿಗೆ ಕರೆದ. “ಬನ್ನಿ ಮೇಡಮ್. ನಾನೂ ಅವ್ನೂ ಒಂದೇ ಮೀನು ಫಾರಂನಾಗೆ ಕೂಲಿಗಿದ್ದೋರು. ಕಾಲೇಜು ಸೇರೋಕ್ ಮುಂಚೆ ಒಂಬತ್ತು ವರ್ಷ. ಮೊಟ್ಟೆ ನೋಡೋ ಕಣ್ಣು ಅಂದ್ರೆ ಅವಂದು. ಬೆಳ್ಳಗಾಗಿದ್ದು ಒಂದು ಕಂಡ್ರೂ ಬುಡ್ತಿರ್ಲಿಲ್ಲ. ಅದು ಸತ್ತಿರೋ ಮೊಟ್ಟೆ ತಾನೆ? ಬೂಸ್ಟು ಹಿಡ್ದು ಪಕ್ಕದ್ದನ್ನೂ ಕೆಡುಸ್ತದೆ.”

ಪುಷ್ಪಲತಾ ಸುಮ್ಮನೆ ತಲೆಯಾಡಿಸಿದಳು. ಆಮೇಲೆ ತಲೆಯಾಡಿಸುವುದನ್ನು ನಿಲ್ಲಿಸಿದಳು.

“ಕಾಲೇಜಲ್ಲೂ ತೆಗೀತಿದ್ರಾ?”

“ತೆಗೀದೆ ಇರ್ತಾನಾ? ನೀವು ಹತ್ತಕ್ಕೆ ಬರೋ ಹೊತ್ಗೆ ತಟ್ಟೆ ಹೂವಿನಂಗಿರ್ಬೇಕು ಅವ್ನಿಗೆ. ‘ಬೆಳ್ಳಗಿರೋದ್ನ ತೆಗುದ್ರೆ ಲೆಕ್ಕ ಕಮ್ಮಿ ಆಯ್ತದೆ ಕಣಣ್ಣ, ನೂರು ಇರ್ಬೇಕು ಅಂದವ್ರೆ ಮೇಡಮ್ಮು, ಅದ್ಕೆ ಬೇರೆ ತೊಟ್ಟೀಲಿ ಅವತ್ತೇ ಇಟ್ಟಿದ್ದ ಮೊಟ್ಟೇಲಿ ಒಳ್ಳೇವು ತಂದು ತುಂಬುಸ್ತೀನಿ’ ಅಂತಿದ್ದ.”

“ಎಲ್ಲಾ ತಟ್ಟೆಗೂನಾ?”

“ನೀರಿಂದ್ರಾಗೆ ಎರಡೋ ಮೂರೋ ಅಂತೆ. ಕಷಾಯದ್ದೇ ಕಾಟ. ಅರ್ಧಕ್ಕರ್ಧ ಬೆಳ್ಳಗೆ, ಒಂದು ಗಂಟೆ ಹಿಡೀತದೆ, ತುಂಬ್ಸಿದ್ ಮೇಲೂ ಎರಡು ಮೂರು ಹೋಯ್ತವೆ ಅನ್ನೋನು.”

“ಅಷ್ಟು ಸಾಯ್ತಿದ್ರೂ ನನಗೆ ಹೇಳಬೇಕು ಅಂತ ಅವರಿಗೆ ಅನ್ನಿಸ್ಲಿಲ್ವಾ?”

ಹುಚ್ಚರಂಗಯ್ಯನಿಗೆ ಪ್ರಶ್ನೆ ವಿಚಿತ್ರವಾಗಿ ಕಂಡಿತು. “ಫಾರಂನಾಗೆ ಅರ್ಧ ಹೋಗೋದು ಮಾಮೂಲು ಕಣ್ರೀ. ಹೋಗಿದ್ದನ್ನ ಯಾರು ಎಣುಸ್ತಾರೆ? ಇರೋ ಮರಿ ಎಣಿಸಿ ಕೊಡೋದು.”

ಹೆಣವನ್ನು ಇಳಿಸಿದರು. ಒಬ್ಬೊಬ್ಬರಾಗಿ ಮೂರು ಹಿಡಿ ಮಣ್ಣು ಹಾಕಿದರು. ಪುಷ್ಪಲತಾ ಎರಡು ಹಿಡಿ ಹಾಕಿ ಹಾಗೇ ನಿಂತಳು. ಹಿಂದಿದ್ದವರು “ಇನ್ನೊಂದು, ಇನ್ನೊಂದು” ಎಂದರು.

*

ಗಡ್ಡೆ ಇದೆಯೆಂದು ಗೊತ್ತಾದ ವಾರ ಸಣ್ಣತಿಮ್ಮಯ್ಯ ತೊಟ್ಟಿಯ ಗಾಜು ಒರೆಸುತ್ತ ಕೇಳಿದ್ದ.

“ಈ ಸಾರ ಮನುಷ್ರು ಕುಡುದ್ರೆ ಏನಾದ್ರೂ ಆಯ್ತದಾ ಮೇಡಮ್?”

ಅವಳು ಕಂಪ್ಯೂಟರಿನಲ್ಲಿ ಅಂಕಿಗಳನ್ನು ತುಂಬುತ್ತಿದ್ದಳು. ತಲೆ ಎತ್ತಲಿಲ್ಲ.

“ಮೀನಿನ ಮೊಟ್ಟೆಗೇ ಏನೂ ಆಗ್ಲಿಲ್ಲ ತಿಮ್ಮಯ್ಯ, ನಿಮಗೇನಾಗುತ್ತೆ?”

ನಗುತ್ತಲೇ ಅಂದಿದ್ದಳು. ಅವನೂ ನಕ್ಕಿದ್ದ.

*

ಮಣ್ಣು ಮಾಡಿ ಬಂದವರೆಲ್ಲ ಕಾಲು ತೊಳೆದು, ಹೆಣ ಮಲಗಿಸಿದ್ದ ಜಾಗದಲ್ಲಿ ಹಚ್ಚಿಟ್ಟ ದೀಪ ನೋಡಿ ಹೋಗಬೇಕು. ಅಂಗಳದ ತುಂಬ ಜನ. ಪುಷ್ಪಲತಾ ದೀಪ ನೋಡಿ ತಿರುಗುವಷ್ಟರಲ್ಲಿ ರಾಮಕ್ಕ ಜಗಲಿಯ ಮೇಲೆ ಕುಳಿತು ಕಾಯುತ್ತಿದ್ದಳು. ತೊಡೆಯ ಮೇಲೆ ಕಂದು ಬಣ್ಣದ ಕಷಾಯ ತುಂಬಿದ ಸೀಸೆ.

“ಎಲ್ರೂ ಇದಾರೆ, ಎಲ್ರಿಗೂ ಕೇಳಂಗೆ ಹೇಳಿ. ದಿನಕ್ಕೆ ಎಷ್ಟು ಲೋಟ?”

ರಾಮಕ್ಕನೊಬ್ಬಳನ್ನೇ ಪಕ್ಕಕ್ಕೆ ಕರೆದು ಹೇಳಬಹುದಿತ್ತು. ಹನ್ನೊಂದನೆಯ ದಿನದ ಕಾರ್ಯ ಕಳೆಯಲಿ ಎಂದು ಮುಂದೂಡಬಹುದಿತ್ತು. ಅಷ್ಟರಲ್ಲಿ ಬುಧವಾರ ದಾಟಿಹೋಗುತ್ತಿತ್ತು.

“ಒಂದು ಲೋಟನೂ ಬೇಡ ರಾಮಕ್ಕ. ಯಾರೂ ಕುಡೀಬೇಡಿ.” ಅಂಗಳದ ಕಡೆಗೆ ತಿರುಗಿ ಮುಂದುವರಿಸಿದಳು. “ಆ ಸಾರ ಹಾಕಿದ ತಟ್ಟೇಲಿ ಅರ್ಧದಷ್ಟು ಮೊಟ್ಟೆ ಸತ್ತಿದ್ವು. ನನಗೆ ಗೊತ್ತಾಗ್ಲಿಲ್ಲ. ಏನೂ ಆಗಲ್ಲ ಅಂತ ಬರೆದೆ. ಅದು ಸುಳ್ಳು. ನಾಳೆ ಅಚ್ಚು ಹಾಕಿದೋರಿಗೂ ಬರೀತೀನಿ, ಆ ಲೇಖನ ವಾಪಸ್ ತಗೊಳ್ಳಿ ಅಂತ.”

“ಕ್ಯಾನ್ಸರ್ ಸಾಯ್ತದೆ ಅಂತ ಪೇಪರ್ನಾಗೆ ಬಂದಿತ್ತಲ್ಲ?” ಯಾರೋ ಗಂಡಸು ಕೇಳಿದ.

“ಗಾಜಿನ ತಟ್ಟೇಲಿರೋ ಜೀವಕೋಶ ಸತ್ತವು. ಅದಕ್ಕೆ ಗಟ್ಟಿ ಉಪ್ಪುನೀರು ಹುಯ್ದ್ರೂ ಸಾಯುತ್ತೆ. ಮನುಷ್ಯರ ಮೈಯಲ್ಲಿ ಏನು ಮಾಡುತ್ತೆ ಅಂತ ಯಾರೂ ನೋಡಿಲ್ಲ. ನಾನೂ ನೋಡಿಲ್ಲ.”

“ಮತ್ತೆ ನನ್ ತಮ್ಮ ಎಂಟು ತಿಂಗ್ಳು ಬದುಕಿದ್ದು?”

“ಆಪರೇಷನ್ ಮಾಡಿಸ್ಕೊಂಡಿದ್ರೆ ಉಳಿಯೋ ದಾರಿ ಇತ್ತು, ರಾಮಕ್ಕ.”

ಗಂಗಲಕ್ಷ್ಮಿ ಬಾಗಿಲಲ್ಲಿ ಎದ್ದು ನಿಂತಿದ್ದಳು. “ಆ ಮೊಟ್ಟೆ ನೋಡ್ಕೊತಿದ್ದೋರು ನಮ್ಮೋರೇ ಅಲ್ವಾ ಮೇಡಮ್? ಅವ್ರು ತಪ್ಪು ಮಾಡಿದ್ರಾ?”

ಹುಚ್ಚರಂಗಯ್ಯ ಊರುಗೋಲಿನ ತುದಿಯನ್ನೇ ನೋಡುತ್ತಿದ್ದ.

“ಇಲ್ಲ. ಅವರು ನಾನು ಹೇಳಿದ್ದನ್ನ ಹೇಳಿದ ಹಾಗೇ ಮಾಡಿದ್ರು. ಒಂದಿನ ಆರು ಗಂಟೆಗೆ ಬಂದು ನಾನು ನೋಡಿದ್ರೆ ಸಾಕಿತ್ತು. ಹದಿನಾಲ್ಕು ವಾರದಲ್ಲಿ ಒಂದಿನಾನೂ ಬರಲಿಲ್ಲ.”

“ಅವ್ರನ್ನ ಮಣ್ಣಿಗಾಕಿ ಬಂದ ದಿನ ಹೇಳ್ತಾ ಇದೀರಲ್ಲ,” ಎಂದಳು ಗಂಗಲಕ್ಷ್ಮಿ. ತಿರುಗಿ ಒಳಗೆ ಹೋದಳು.

ರಾಮಕ್ಕ ಸಿಡುಕಿದಳು. “ಓದ್ದೋರ ಬಾಯಿ ಕಣ್ರಪ್ಪಾ. ನಿನ್ನೆ ಮದ್ದು, ಇವತ್ತು ವಿಷ. ನಾಳೀಕೆ ಏನಂತೀರೋ!”

“ನಾಳೆ ಏನಂತೀನೋ ಗೊತ್ತಿಲ್ಲ. ಬುಧವಾರ ಬೆಳಿಗ್ಗೆ ಬಂದು ನಿಮ್ಮನ್ನ ತುಮಕೂರಿಗೆ ನಾನೇ ಕರ್ಕೊಂಡು ಹೋಗ್ತೀನಿ.”

“ಯಾರ್ ಬತ್ತೀನಿ ಅಂದ್ರು?”

ಹುಚ್ಚರಂಗಯ್ಯ ಊರುಗೋಲು ಊರಿಕೊಂಡು ಎದ್ದು, ಎದುರುಮನೆಯ ತನ್ನ ಬಾಗಿಲು ತಳ್ಳಿ ಒಳಹೋದ. ಹೊರಬಂದಾಗ ಕಂಕುಳಲ್ಲಿ ಬ್ರಾಂದಿ ಬಾಟಲಿಯಿತ್ತು. ಒಳಗಿದ್ದದ್ದು ಮಾತ್ರ ಬ್ರಾಂದಿಯಲ್ಲ. “ಮಂಡಿ ಊತಕ್ಕೆ ಅಂತ ಅವ್ನೇ ಕಾಯಿಸ್ಕೊಟ್ಟಿದ್ದ,” ಎಂದು ಜಗಲಿಯ ಮೇಲಿಟ್ಟ. ಹಿಂದೆಯೇ ಒಬ್ಬ ಹೆಂಗಸು ಜ್ಯೂಸಿನ ಬಾಟಲಿ ತಂದಿಟ್ಟಳು. ಏನಕ್ಕೆಂದು ಹೇಳಲಿಲ್ಲ. ಮೂರನೆಯದು ಎಣ್ಣೆಯ ಕ್ಯಾನು. ಏಳು ತಿಂಗಳ ಬಸುರಿಯೊಬ್ಬಳು, ಅತ್ತೆ ಕಣ್ಣು ಕೆಕ್ಕರಿಸಿದರೂ ಲೆಕ್ಕಿಸದೆ, ಮಗಳು ಶಾಲೆಗೆ ಒಯ್ಯುವ ನೀರಿನ ಬಾಟಲಿಯನ್ನು ಅದರ ಪಕ್ಕ ನಿಲ್ಲಿಸಿದಳು. “ಕಾಲು ಊದ್ತಿತ್ತು,” ಎಂದಳು ಪುಷ್ಪಲತಾಳ ಕಡೆ ನೋಡದೆ.

ರಾಮಕ್ಕ ಆ ಸಾಲನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದಳು. ಆಮೇಲೆ ತೊಡೆಯ ಮೇಲಿದ್ದ ಸೀಸೆಯನ್ನು ಎತ್ತಿ ಎಲ್ಲಕ್ಕಿಂತ ಈಚೆಗೆ, ತನ್ನ ಮಗ್ಗುಲಿಗೇ ಇಟ್ಟಳು. ಸೀಸೆ ಜಗಲಿಯ ಮೇಲೆ ನಿಂತಿತು. ಅದರ ಕತ್ತು ಹಿಡಿದಿದ್ದ ಬೆರಳುಗಳು ಮಾತ್ರ ಇನ್ನೂ ಬಿಟ್ಟಿರಲಿಲ್ಲ.